ಹಳೇ ಕಂಪ್ಯೂಟರನ್ನು ಮನೆಯ ವಿಡಿಯೊ ರೆಕಾರ್ಡರ್ ಮಾಡಿಕೊಳ್ಳಲು ಏನೇನು ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ ನಿಂತಿತು. ಅಲ್ಲಿಂದೀಚೆಗೆ ನೆಂಟರು, ಗೆಳೆಯರು, ಗೆಳೆಯರ ಗೆಳೆಯರು ನನ್ನನ್ನು ಕೇಳುವುದು ಒಂದೇ ಮಾತು: "ಈ ಡಬ್ಬಾನ ಏನು ಮಾಡ್ಲಿ?" ಹತ್ತು ವರ್ಷದಿಂದ ನಮ್ಮ ಮನೆಯಲ್ಲಿ ಇಂಥದ್ದೇ ಒಂದು ಡಬ್ಬಾ ಟೀವಿ ರೆಕಾರ್ಡ್ ಮಾಡುತ್ತಿದೆ. ಫೋನಿನಲ್ಲಿ, ಮದುವೆಮನೆಯಲ್ಲಿ, ಪತ್ರಗಳಲ್ಲಿ ಜನ ಕೇಳಿದ್ದನ್ನು ಅವರ ಮಾತಿನಲ್ಲೇ ಕೆಳಗೆ ಇಟ್ಟಿದ್ದೇನೆ.

## ಶುರು ಮಾಡುವ ಮುಂಚೆ

ಮೂಲೇಲಿ ಹಳೇ ಕಂಪ್ಯೂಟರ್ ಬಿದ್ದಿದೆ. ಟೀವಿ ರೆಕಾರ್ಡ್ ಮಾಡೋಷ್ಟು ಶಕ್ತಿ ಅದಕ್ಕಿರುತ್ತಾ?

ಇರುತ್ತದೆ, ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ. ಡಿಜಿಟಲ್ ಟೀವಿಯ ಚಿತ್ರ ಪ್ರಸಾರ ಕೇಂದ್ರದಲ್ಲೇ ಕಂಪ್ರೆಸ್ ಆಗಿ, ಕಟ್ಟಿಟ್ಟ ಬುತ್ತಿಯ ಹಾಗೆ ನಿಮ್ಮ ಡಿಶ್‌ಗೆ ಬಂದು ಬೀಳುತ್ತದೆ. ಕಂಪ್ಯೂಟರ್ ಆ ಬುತ್ತಿಯನ್ನು ಬಿಚ್ಚದೆ ಹಾಗೇ ಡಿಸ್ಕ್‌ಗೆ ಇಳಿಸಿದರೆ ರೆಕಾರ್ಡಿಂಗ್ ಮುಗಿಯಿತು. ಸಾಧಾರಣ ಚಾನೆಲ್ ಸೆಕೆಂಡಿಗೆ 3 ಮೆಗಾಬಿಟ್ ಬರುತ್ತದೆ ಅಂದುಕೊಳ್ಳಿ. ಅದು ಅರ್ಧ ಮೆಗಾಬೈಟ್ ಕೂಡ ಅಲ್ಲ. ಹದಿನೈದು ವರ್ಷದ ಹಳೇ ಹಾರ್ಡ್ ಡಿಸ್ಕ್ ಕೂಡ ಸೆಕೆಂಡಿಗೆ ಹತ್ತಾರು ಮೆಗಾಬೈಟ್ ಬರೆಯುತ್ತದೆ. ರೆಕಾರ್ಡ್ ಆಗುತ್ತಿರುವಾಗ ನಮ್ಮ ಪ್ರೊಸೆಸರ್ ಹೆಚ್ಚುಕಡಿಮೆ ನಿದ್ದೆಯಲ್ಲೇ ಇರುತ್ತದೆ.

ನೋಡುವುದು ಬೇರೆ ಕೆಲಸ. ಅಲ್ಲಿ ಬುತ್ತಿ ಬಿಚ್ಚಬೇಕು, ಆಗ ಗ್ರಾಫಿಕ್ಸ್ ಚಿಪ್ ಬೇಕು. ಈ ಎರಡನ್ನೂ ಒಂದೇ ಎಂದುಕೊಂಡು ದೊಡ್ಡ ಪ್ರೊಸೆಸರ್‌ಗೆ ದುಡ್ಡು ಸುರಿದವರನ್ನು ನೋಡಿದ್ದೇನೆ, ಸಂಕಟವಾಗುತ್ತದೆ. ದುಡ್ಡು ಹೋಗಬೇಕಾದ್ದು ಟೀವಿ ಸಿಗ್ನಲ್ ಹಿಡಿಯುವ ಟ್ಯೂನರ್‌ಗೆ, ಡಿಸ್ಕ್‌ಗೆ ಮತ್ತು ಕರೆಂಟಿನ ವ್ಯವಸ್ಥೆಗೆ.

ಎಷ್ಟು ಹಳೇದಾದ್ರೆ ಬೇಡ ಅಂತೀರಿ?

ಪೆಂಟಿಯಂ 4 ಕಾಲದ್ದನ್ನು ಬಿಟ್ಟುಬಿಡಿ. ಕೆಲಸ ಮಾಡುತ್ತದೆ, ಆದರೆ ಅದರ ಪ್ರೊಸೆಸರ್ ಒಂದೇ 84ರಿಂದ 115 ವ್ಯಾಟ್‌ವರೆಗೆ ಎಳೆಯಬಲ್ಲದು, ಫ್ಯಾನ್ ಗಿರಣಿಯ ಹಾಗೆ ಕೂಗುತ್ತದೆ. ಕೋರ್ 2 ಡ್ಯುಯೊ ಆದರೆ ರೆಕಾರ್ಡಿಂಗ್‌ಗೆ ಸಾಕು. 2011ರಲ್ಲಿ ಬಂದ ಎರಡನೇ ತಲೆಮಾರಿನ ಐ3 ಅಥವಾ ಅದಕ್ಕಿಂತ ಈಚಿನದು ಸಿಕ್ಕಿದರೆ ಬೇರೆ ಹುಡುಕಬೇಡಿ: ಎಚ್.264 ಎಂಬ ವಿಧಾನದಲ್ಲಿ ಕಟ್ಟಿದ ಚಿತ್ರ ಬಿಚ್ಚುವ ಚಿಪ್ ಅದರೊಳಗೇ ಇದೆ. ರ‍್ಯಾಮ್ 4 ಜಿಬಿ ಇದ್ದರೆ ಧಾರಾಳ.

ಯಾವುದೇ ಆದರೂ ಪಕ್ಕದ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಪ್ರೊಸೆಸರ್ ಸುತ್ತ ನಿಂತಿರುವ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರಬೇಕು. ಪೂರಿಯ ಹಾಗೆ ಉಬ್ಬಿದ್ದರೆ, ಬುಡದಲ್ಲಿ ಕಂದು ಬಣ್ಣದ ಅಂಟು ಕಂಡರೆ ಆ ಬೋರ್ಡ್ ನಂಬಿ ಒಂದು ರೂಪಾಯಿಯನ್ನೂ ಹಾಕಬೇಡಿ.

ನಮ್ಮನೇಲಿ ಡಿಟಿಎಚ್ ಇದೆ. ಆ ವೈರನ್ನೇ ಕಂಪ್ಯೂಟರ್‌ಗೆ ಚುಚ್ಚಿದ್ರೆ ಸಾಲದಾ?

ಸಾಲದು. ತಿಂಗಳ ಬಾಡಿಗೆ ಕಟ್ಟುವ ಡಿಟಿಎಚ್ ಸಿಗ್ನಲ್‌ಗೆ ಬೀಗ ಹಾಕಿರುತ್ತಾರೆ, ಬೀಗದ ಕೈ ಅವರದೇ ಪೆಟ್ಟಿಗೆಯ ಕಾರ್ಡಿನಲ್ಲಿರುತ್ತದೆ. ನಿಮ್ಮ ಟ್ಯೂನರ್ ಸಿಗ್ನಲ್ ಹಿಡಿದರೂ ಪರದೆ ಕಪ್ಪಾಗೇ ಉಳಿಯುತ್ತದೆ. ಕೇಬಲ್‌ನದ್ದೂ ಅದೇ ಕಥೆ. ಬೆಂಗಳೂರು, ಮೈಸೂರುಗಳಲ್ಲಿ ಕೇಬಲ್ 2013ರಲ್ಲೇ ಡಿಜಿಟಲ್ ಆಯಿತು. ಗೋಡೆಯಿಂದ ಬರುವ ವೈರಿನಲ್ಲಿ ಈಗ ಬರಿಗಣ್ಣಿಗೆ ಕಾಣುವ ಚಾನೆಲ್ ಇಲ್ಲ.

ಹಾಗಾಗಿ ನಾನು ಹೇಳುವುದು ದೂರದರ್ಶನದ ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಲ್ಲಿ ಶುರುವಾದ ಸೇವೆ ಇದು. ತಿಂಗಳ ಬಾಡಿಗೆ ಇಲ್ಲ, ಬೀಗವಿಲ್ಲದ ಚಾನೆಲ್‌ಗಳನ್ನು ಟ್ಯೂನರ್ ಕಾರ್ಡ್ ನೇರವಾಗಿ ಹಿಡಿಯುತ್ತದೆ, ನಮ್ಮ ಚಂದನವೂ ಅಲ್ಲಿದೆ. ಮುಂದಿನ ಉತ್ತರಗಳೆಲ್ಲ ಇದನ್ನೇ ಇಟ್ಟುಕೊಂಡು ಬರೆದವು.

ಹೀಗೆ ರೆಕಾರ್ಡ್ ಮಾಡೋದು ತಪ್ಪಲ್ವಾ?

ನೀವು, ನಿಮ್ಮ ಮನೆಯವರು ನೋಡಲಿಕ್ಕಾದರೆ ಅಳುಕು ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಸ್ವಂತ, ಖಾಸಗಿ ಬಳಕೆಗೆ ನ್ಯಾಯವಾದ ಅವಕಾಶ ಕೊಟ್ಟಿದೆ. ಯೂಟ್ಯೂಬ್‌ಗೆ ಏರಿಸುವುದು, ಪೆನ್‌ಡ್ರೈವ್‌ಗೆ ಹಾಕಿ ಮಾರುವುದು ಆ ಅವಕಾಶದೊಳಗೆ ಬರುವುದಿಲ್ಲ. ಕಲಾವಿದರ ಅನ್ನದ ಪ್ರಶ್ನೆ ಅದು, ಮಾಡಬೇಡಿ.

## ಟ್ಯೂನರ್ ಮತ್ತು ಡಿಶ್

ಅಂಗಡಿಯವ್ನು ಸಾವಿರ ರೂಪಾಯಿಗೆ ಹಳೇ ಸ್ಯಾಟಲೈಟ್ ಕಾರ್ಡ್ ಕೊಡ್ತೀನಿ ಅಂತಾನೆ. ತಗೊಳ್ಲಾ?

ಕಾರ್ಡಿನ ಮೇಲೆ ಡಿವಿಬಿ-ಎಸ್ ಎಂದಿದೆಯೋ ಡಿವಿಬಿ-ಎಸ್2 ಎಂದಿದೆಯೋ ನೋಡಿ. ಉಪಗ್ರಹ ಟೀವಿ ಸಿಗ್ನಲ್‌ನ ಎರಡು ಮಾದರಿಗಳಿವು. ಕೊನೆಯ ಆ 2ರಲ್ಲಿ ಎಲ್ಲವೂ ಇದೆ. ಫ್ರೀ ಡಿಶ್‌ನ ಹಳೆಯ ಎಂಪೆಗ್-2 ಚಾನೆಲ್‌ಗಳು ಎಸ್ ಮಾದರಿಯಲ್ಲಿ ಬರುತ್ತವೆ, ಎಂಪೆಗ್-4 ಚಾನೆಲ್‌ಗಳು ಎಸ್2ನಲ್ಲಿ (ಎಂಪೆಗ್ ಎಂದರೆ ಚಿತ್ರದ ಬುತ್ತಿ ಕಟ್ಟುವ ವಿಧಾನ). ಎಸ್2 ಕಾರ್ಡ್ ಎರಡನ್ನೂ ಹಿಡಿಯುತ್ತದೆ. ಬರೀ ಎಸ್ ಕಾರ್ಡ್ ಅರ್ಧ ಪಟ್ಟಿಯನ್ನು ತೋರಿಸುವುದೇ ಇಲ್ಲ. ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಸ್ಕೈಸ್ಟಾರ್ 2 ಅಂಥದ್ದು. ಹೆಸರಲ್ಲಿ 2 ಇದೆ, ಕಾರ್ಡ್ ಮಾತ್ರ ಬರೀ ಎಸ್. ಒಬ್ಬರಲ್ಲ, ಮೂವರು ಇದೇ ಹೆಸರು ನೋಡಿ ಮೋಸ ಹೋಗಿ ನನಗೆ ಫೋನ್ ಮಾಡಿದ್ದಾರೆ.

ಎರಡನೆಯದಾಗಿ, ನಿಮ್ಮ ಬೋರ್ಡಿನಲ್ಲಿ ಯಾವ ಸ್ಲಾಟ್ ಇದೆ ನೋಡಿಕೊಂಡು ಹೋಗಿ. ಉದ್ದನೆಯ ಬಿಳಿ ಸ್ಲಾಟ್ ಸಾಮಾನ್ಯವಾಗಿ ಪಿಸಿಐ. ಬೆರಳಿನ ಒಂದು ಗೆಣ್ಣಿನಷ್ಟಿರುವ ಗಿಡ್ಡ ಸ್ಲಾಟ್ ಪಿಸಿಐ ಎಕ್ಸ್‌ಪ್ರೆಸ್. ಒಂದರ ಕಾರ್ಡ್ ಇನ್ನೊಂದರಲ್ಲಿ ಕೂರುವುದಿಲ್ಲ. ವೇಗದ ಚಿಂತೆ ಬೇಡ, ಹಳೇ ಪಿಸಿಐ ಕೂಡ ಸೆಕೆಂಡಿಗೆ 133 ಮೆಗಾಬೈಟ್ ಸಾಗಿಸುತ್ತದೆ.

ಹೊಸದು ಕೊಳ್ಳುವವರಿಗೆ ಟಿಬಿಎಸ್ 6902 ಒಳ್ಳೆಯ ಕಾರ್ಡ್: ಗಿಡ್ಡ ಪಿಸಿಐ ಎಕ್ಸ್‌ಪ್ರೆಸ್, ಒಂದರಲ್ಲೇ ಎರಡು ಎಸ್2 ಟ್ಯೂನರ್. ಒಂದು ತಾಪತ್ರಯ ಇದೆ. ಅದನ್ನು ಓಡಿಸುವ ಡ್ರೈವರ್ ಎಂಬ ತಂತ್ರಾಂಶ, ವಿಂಡೋಸ್ ಬದಲು ಹಾಕಿಕೊಳ್ಳುವ ಲಿನಕ್ಸ್ ಜೊತೆಗೇ ಬರುವುದಿಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್ ಬದಲಾದಾಗಲೆಲ್ಲ ಡ್ರೈವರನ್ನು ಮತ್ತೆ ಕಟ್ಟಬೇಕು. ನಾನು ಆ ಯಂತ್ರದಲ್ಲಿ ಕರ್ನಲ್ ಅಪ್‌ಡೇಟನ್ನು ತಡೆದಿಟ್ಟಿದ್ದೇನೆ, ವರ್ಷಕ್ಕೊಮ್ಮೆ ಬಿಡುವಾದಾಗ ಎರಡನ್ನೂ ಒಟ್ಟಿಗೆ ಮಾಡುತ್ತೇನೆ.

ಯುಎಸ್‌ಬಿ ಟ್ಯೂನರ್ ಅಂದ್ರೆ ಒಳಗಿನ ಕಾರ್ಡ್‌ಗಿಂತ ಕಮ್ಮೀನಾ?

ಚಿತ್ರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬಿಟ್‌ಗಳು ಅವೇ. ಹಳೇ ಲ್ಯಾಪ್‌ಟಾಪ್ ಇದ್ದವರಿಗೆ ಇದೊಂದೇ ದಾರಿ. ಸ್ಯಾಟಲೈಟ್ ಟ್ಯೂನರ್ ಆದರೆ ಅದರ ಜೊತೆ ಸ್ವಂತ ಅಡಾಪ್ಟರ್ ಇರಲೇಬೇಕು, ಯಾಕೆಂದರೆ ಡಿಶ್‌ನ ಮೂತಿಯಲ್ಲಿದ್ದು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ಟ್ಯೂನರೇ 13 ಅಥವಾ 18 ವೋಲ್ಟ್ ಕಳಿಸಬೇಕು. ಯುಎಸ್‌ಬಿ ಕೊಡುವುದು 5 ವೋಲ್ಟ್ ಮಾತ್ರ.

ಡಿಶ್ ಯಾವ ಕಡೆ ತಿರುಗಿಸ್ಲಿ? ಮಳೆಗಾಲದಲ್ಲಿ ರೆಕಾರ್ಡಿಂಗ್ ಚೂರು ಚೂರಾಗುತ್ತೆ.

ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ, ಪೂರ್ವ ರೇಖಾಂಶ 93.5 ಡಿಗ್ರಿ. ಕರ್ನಾಟಕಕ್ಕೆ ಅದು ಆಗ್ನೇಯ ದಿಕ್ಕು, ವಾಸ್ತು ನೋಡುವವರ ಮಾತಿನಲ್ಲಿ ಅಡುಗೆಮನೆಯ ಮೂಲೆ. ಬೆಂಗಳೂರಿನಲ್ಲಿ ದಿಕ್ಸೂಚಿಯ 128 ಡಿಗ್ರಿ, ದಿಗಂತದಿಂದ ಮೇಲಕ್ಕೆ 66 ಡಿಗ್ರಿ. ಮಂಗಳೂರಿನಲ್ಲಿ ಆ ಎತ್ತರ 64ರ ಹತ್ತಿರ, ಧಾರವಾಡದಲ್ಲಿ 62. ಮಾರುಕಟ್ಟೆಯ ಆಫ್‌ಸೆಟ್ ಡಿಶ್‌ನ ತಟ್ಟೆ ಮಾತ್ರ ಅಷ್ಟು ಅಂಗಾತ ಮಲಗಿದಂತೆ ಕಾಣುವುದಿಲ್ಲ, ಅದರ ಆಕಾರವೇ ಹಾಗೆ. ಅದನ್ನು ನೋಡಿ ಗಾಬರಿಯಾಗಬೇಡಿ. ಉಪಗ್ರಹ ಇಷ್ಟು ಮೇಲಿರುವುದರಿಂದ ತೋಟದ ಮನೆಯವರಿಗೆ ಅನುಕೂಲ: ಡಿಶ್‌ಗಿಂತ 12 ಮೀಟರ್ ಎತ್ತರದ ತೆಂಗಿನ ಮರವಿದ್ದರೂ ಏಳೆಂಟು ಮೀಟರ್ ಆಚೆ ಇದ್ದರೆ ಅಡ್ಡ ಬರುವುದಿಲ್ಲ.

ಮಳೆಯದ್ದು ನಿಜವಾದ ತೊಂದರೆ. ಡಿಶ್‌ಗೆ ಬರುವ ಕೆಯು ಬ್ಯಾಂಡಿನ ಅಲೆಗಳನ್ನು ದಪ್ಪ ಮಳೆಹನಿ ನುಂಗಿಬಿಡುತ್ತದೆ. ನೋಡುತ್ತಾ ಕೂತಾಗ ಎರಡು ನಿಮಿಷ ಸಹಿಸಿಕೊಳ್ಳಬಹುದು. ಇಟ್ಟುಕೊಳ್ಳಬೇಕೆಂದ ರೆಕಾರ್ಡಿಂಗ್‌ನಲ್ಲಿ ಆ ತೂತು ಶಾಶ್ವತ. ಮಲೆನಾಡು, ಕರಾವಳಿಯವರು 60 ಸೆಂಟಿಮೀಟರ್ ಡಿಶ್ ಬಿಟ್ಟು 90ರದ್ದು ಹಾಕಿಸಿ. ವಿಸ್ತೀರ್ಣ ಎರಡೂಕಾಲು ಪಟ್ಟು ಆಗುತ್ತದೆ, ಮಳೆಯೊಳಗೂ ಒಂದಷ್ಟು ಉಸಿರು ಉಳಿಯುತ್ತದೆ. ಕೇಬಲ್ ಆರ್‌ಜಿ-6 ಇರಲಿ. ಹೊರಗಿನ ಕನೆಕ್ಟರ್‌ಗೆ ನೀರು ಇಳಿಯದ ಹಾಗೆ ರಬ್ಬರ್ ಟೇಪ್ ಸುತ್ತಿ, ಕೇಬಲನ್ನು ಒಮ್ಮೆ ಕೆಳಕ್ಕೆ ಬಾಗಿಸಿ ಮೇಲೆ ತನ್ನಿ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಹಳೇ ಅನಲಾಗ್ ಟೀವಿ ಟ್ಯೂನರ್ ಕಾರ್ಡ್ ಒಂದಿದೆ. ಬಿಸಾಕ್ಲಾ?

ದಯವಿಟ್ಟು ಬೇಡ. ಅದರ ಆಂಟೆನಾ ತೂತಿಗೆ ಈಗ ಕೆಲಸವಿಲ್ಲ, ನಿಜ. ಆದರೆ ಹಳದಿ, ಬಿಳಿ, ಕೆಂಪು ಪಿನ್ ಚುಚ್ಚುವ ಜಾಗ ಇದೆಯಲ್ಲ, ಅದು ನಿಮ್ಮ ಮನೆಯ ವಿಎಚ್‌ಎಸ್ ಕ್ಯಾಸೆಟ್‌ಗಳಿಗೆ ಬಾಗಿಲು.

ಇಲ್ಲಿ ಲೆಕ್ಕ ತಲೆಕೆಳಗು. ಕ್ಯಾಸೆಟ್‌ನಿಂದ ಬರುವುದು ಕಟ್ಟಿಟ್ಟ ಬುತ್ತಿಯಲ್ಲ, ಹಸಿ ಚಿತ್ರ. ಅದನ್ನು ಯಾರಾದರೂ ಕಂಪ್ರೆಸ್ ಮಾಡಲೇಬೇಕು. ಹೊಪ್ಪಾಗ್ ಕಂಪನಿಯ ಪಿವಿಆರ್-150, 250, 350 ಕಾರ್ಡ್‌ಗಳ ಮೇಲೆಯೇ ಎಂಪೆಗ್-2 ಮಾಡುವ ಚಿಪ್ ಇದೆ. ಪ್ರೊಸೆಸರ್ ಸುಮ್ಮನೆ ಕೂತಿರಬಹುದು. 2007ರಿಂದ ಇವುಗಳ ಡ್ರೈವರ್ ಲಿನಕ್ಸ್ ಕರ್ನಲ್‌ನಲ್ಲೇ ಇದೆ. ಬಿಟಿ878 ಚಿಪ್‌ನ ಅಗ್ಗದ ಕಾರ್ಡ್‌ಗಳಲ್ಲಿ ಆ ಸೌಲಭ್ಯವಿಲ್ಲ, ಕೆಲಸವೆಲ್ಲ ಪ್ರೊಸೆಸರ್ ತಲೆಗೆ. ಕೋರ್ 2 ಡ್ಯುಯೊ ಅದನ್ನೂ ನಿಭಾಯಿಸುತ್ತದೆ. ಚಿತ್ರದ ಅಳತೆ 720 ಬೈ 576, ಮಾದರಿ ನಮ್ಮ ದೇಶದ ಪಾಲ್. ಇದನ್ನು ಅಮೆರಿಕದ ಎನ್‌ಟಿಎಸ್‌ಸಿ ಎಂದು ಬಿಟ್ಟರೆ ಚಿತ್ರ ಉರುಳುತ್ತದೆ. ಸೆಕೆಂಡಿಗೆ 8 ಮೆಗಾಬಿಟ್ ಇಟ್ಟರೆ ಮೂರು ಗಂಟೆಯ ಕ್ಯಾಸೆಟ್ ಸುಮಾರು 11 ಜಿಬಿ ಆಗುತ್ತದೆ.

ಕಾರ್ಡ್ ಹುಡುಕುವುದಕ್ಕಿಂತ ಮೊದಲು ಕ್ಯಾಸೆಟ್‌ನ ಕಿಟಕಿಯಲ್ಲಿ ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಬೂದಿಯಂಥ ಪುಡಿ ಕಂಡರೆ ಅದು ಬೂಷ್ಟು. ಅಂಥ ಕ್ಯಾಸೆಟನ್ನು ವಿಸಿಆರ್‌ಗೆ ಹಾಕಿದರೆ ಹೆಡ್ ಕಟ್ಟಿಕೊಂಡು ಮುಂದಿನ ಕ್ಯಾಸೆಟ್‌ಗೂ ಬೂಷ್ಟು ಹತ್ತುತ್ತದೆ, ಮೊದಲು ಒಣ ಬಟ್ಟೆಯಿಂದ ಶುಚಿಯಾಗಬೇಕು. ನಮ್ಮ ಚಿಕ್ಕಮ್ಮನ 1994ರ ಮದುವೆ ಕ್ಯಾಸೆಟ್ ಹಾಗೇ ಇತ್ತು. ಎರಡು ದಿನ ಕೂತು ಕೈಯಲ್ಲೇ ಸುರುಳಿ ತಿರುಗಿಸುತ್ತ ಒರೆಸಿದೆ. ಮೂರನೆಯ ದಿನ ಹಾಕಿದಾಗ ಕೆಳಗಡೆ ಒಂದು ಬೆರಳು ಅಗಲ ಚಿತ್ರ ನಡುಗುತ್ತಿತ್ತು, ಬಣ್ಣ ಸೋರಿತ್ತು. ಆದರೂ ಧಾರೆಯ ಹೊತ್ತಿಗೆ ಅಜ್ಜಿ ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಂಡು, ಕ್ಯಾಮೆರಾ ಕಂಡು ನಕ್ಕದ್ದು ಸ್ಪಷ್ಟವಾಗಿ ಬಂತು. ಅಜ್ಜಿಯ ನಗು ನಮ್ಮ ಹತ್ತಿರ ಬೇರೆ ಯಾವ ಫೋಟೊದಲ್ಲೂ ಇಲ್ಲ.

## ಡಿಸ್ಕ್, ಕರೆಂಟು, ಗಡಿಯಾರ

ಎಷ್ಟು ಜಿಬಿ ಹಾಕಿಸ್ಲಿ? ಹಳೇ ಡಿಸ್ಕೇ ಇರ್ಲಾ?

3 ಮೆಗಾಬಿಟ್‌ನ ಚಾನೆಲ್ ಗಂಟೆಗೆ 1.35 ಜಿಬಿ, 8 ಮೆಗಾಬಿಟ್‌ನ ಎಚ್‌ಡಿ ಗಂಟೆಗೆ 3.6 ಜಿಬಿ. 1 ಟಿಬಿಯಲ್ಲಿ ಸಾಧಾರಣ ಚಾನೆಲ್‌ನ 700 ಗಂಟೆ ಹಿಡಿಯುತ್ತದೆ. ಹೆಚ್ಚಿನ ಮನೆಗಳಿಗೆ ಅಷ್ಟು ಸಾಕು.

ಹಳೇ ಡಿಸ್ಕನ್ನು ಆಪರೇಟಿಂಗ್ ಸಿಸ್ಟಮ್‌ಗೂ ಇಟ್ಟುಕೊಳ್ಳಬೇಡಿ, ರೆಕಾರ್ಡಿಂಗ್‌ಗೂ ಬೇಡ. ಸಿಸ್ಟಮ್‌ಗೆ ಒಂದು ಚಿಕ್ಕ ಎಸ್‌ಎಸ್‌ಡಿ, ರೆಕಾರ್ಡಿಂಗ್‌ಗೆ ಸಿಸಿಟೀವಿಗೆಂದೇ ಮಾಡಿದ ಡಿಸ್ಕ್. ವೆಸ್ಟರ್ನ್ ಡಿಜಿಟಲ್‌ನ ಪರ್ಪಲ್, ಸೀಗೇಟ್‌ನ ಸ್ಕೈಹಾಕ್ ಇಂಥವು. ಹಗಲೂ ರಾತ್ರಿ ವಿಡಿಯೊ ಬರೆಸಿಕೊಳ್ಳಲೆಂದೇ ಹುಟ್ಟಿದವು, ಸದ್ದು ಕಡಿಮೆ, ಬಿಸಿ ಕಡಿಮೆ. ಸಿಸಿಟೀವಿ ವ್ಯಾಪಾರದಿಂದಾಗಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಷ್ಟೇ ಅಲ್ಲ, ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಸಿಗುತ್ತವೆ. ಬೋರ್ಡಿನಲ್ಲಿ ಡಿಸ್ಕ್ ಜೋಡಿಸುವ ಸಾಟಾ ಕಿಂಡಿ ಇಲ್ಲದೆ ಬರೀ ಅಗಲ ಪಟ್ಟಿಯ ಐಡಿಇ ಇದ್ದರೆ, ಆ ಕಂಪ್ಯೂಟರ್ ಈ ಕೆಲಸಕ್ಕೆ ತೀರ ಹಳೆಯದು ಎಂದೇ ಲೆಕ್ಕ.

ದಿನಪೂರ್ತಿ ಆನ್ ಇಟ್ರೆ ಕರೆಂಟ್ ಬಿಲ್ ಕಥೆ ಏನು?

ಒಳ್ಳೆಯ ಪ್ರಶ್ನೆ, ಇದನ್ನು ಯಾರೂ ಮೊದಲೇ ಕೇಳುವುದಿಲ್ಲ. ಸುಮ್ಮನೆ ಕೂತಾಗ 60 ವ್ಯಾಟ್ ಎಳೆಯುವ ಡೆಸ್ಕ್‌ಟಾಪ್ ತಿಂಗಳಿಗೆ 43 ಯೂನಿಟ್ ಉಣ್ಣುತ್ತದೆ. ಗೃಹಜ್ಯೋತಿಯ ಮನೆಗಳಿಗೆ ಇದು ಇನ್ನೂ ಮುಖ್ಯ: 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನೀವೇ ಕಟ್ಟಬೇಕು. 170ರಲ್ಲಿರುವ ಮನೆಗೆ ಈ 43 ಸೇರಿದರೆ ಗೆರೆ ದಾಟಿತು.

ಹಾಗಾಗಿ ಯಂತ್ರ ಮಲಗಿರಲಿ, ಕಾರ್ಯಕ್ರಮದ ಹೊತ್ತಿಗೆ ತಾನೇ ಏಳಲಿ. ಬೋರ್ಡಿನ ಗಡಿಯಾರಕ್ಕೆ ಅಲಾರಂ ಇಡುವ ಸೌಲಭ್ಯ ಬಹುತೇಕ ಎಲ್ಲ ಬಯೋಸ್‌ಗಳಲ್ಲೂ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್ ಪುಟ) ಇದೆ, ಲಿನಕ್ಸ್‌ನಿಂದಲೇ ಅದನ್ನು ಇಡಬಹುದು. ದಿನಕ್ಕೆ ಮೂರು ಗಂಟೆ ಎದ್ದಿದ್ದರೆ ತಿಂಗಳಿಗೆ ಐದಾರು ಯೂನಿಟ್. ಆಫೀಸುಗಳಿಂದ ಹೊರಬೀಳುವ ಪುಟ್ಟ ಮಿನಿ ಪಿಸಿ, ಹಳೇ ಲ್ಯಾಪ್‌ಟಾಪ್‌ಗಳು ಇನ್ನೂ ಮಿತವ್ಯಯಿ.

ರೆಕಾರ್ಡ್ ಆಗ್ತಿರುವಾಗ ಕರೆಂಟ್ ಹೋದ್ರೆ ಎಲ್ಲಾ ಹೋಯ್ತಾ?

ಟಿಎಸ್ ಎಂಬ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ರೂಪದಲ್ಲೇ ಬರೆಯಲು ಬಿಟ್ಟಿದ್ದರೆ, ಕರೆಂಟ್ ಹೋದ ಕ್ಷಣದವರೆಗಿನದು ಹೆಚ್ಚೂಕಡಿಮೆ ಪೂರ್ತಿ ಉಳಿಯುತ್ತದೆ. ಅದು 188 ಬೈಟ್‌ನ ಪುಟ್ಟ ಪೊಟ್ಟಣಗಳ ಸಾಲು. ಪ್ರತಿ ಪೊಟ್ಟಣಕ್ಕೂ ತನ್ನದೇ ಚೀಟಿ. ಎಂಪಿ4 ಹಾಗಲ್ಲ. ಅದರ ಪರಿವಿಡಿ ಸಾಮಾನ್ಯವಾಗಿ ಕೊನೆಗೆ ಬರೆಯಲ್ಪಡುತ್ತದೆ, ಕೊನೆ ಬರದಿದ್ದರೆ ಮೂರು ಗಂಟೆಯ ಫೈಲು ತೆರೆಯುವುದೇ ಇಲ್ಲ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಹಿಂದೆ ‘ಯುಪಿಎಸ್ ಮೋಡ್’ ಎಂಬ ಸ್ವಿಚ್ ಇದೆಯೇ ನೋಡಿ, ಆ ಕಡೆ ಒತ್ತಿ. ಆಗ ಕರೆಂಟಿನಿಂದ ಬ್ಯಾಟರಿಗೆ ದಾಟುವ ಹೊತ್ತು ಕಡಿಮೆಯಾಗುತ್ತದೆ. ಕಂಪ್ಯೂಟರ್‌ಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಆರೋಗ್ಯವಾಗಿದ್ದಾಗ ಸುಮಾರು 16 ಮಿಲಿಸೆಕೆಂಡ್ ಉಸಿರು ಹಿಡಿದಿರಬಲ್ಲದು. ಹಳೆಯದಾದರೆ ಅಷ್ಟೂ ಇರುವುದಿಲ್ಲ. ಇನ್ವರ್ಟರ್ ಇದ್ದೂ ಯಂತ್ರ ರೀಸ್ಟಾರ್ಟ್ ಆಗುತ್ತಿದ್ದರೆ ಎಸ್‌ಎಂಪಿಎಸ್ ಬದಲಿಸಿ. ಬಯೋಸ್‌ನಲ್ಲಿ ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಎಂಬುದನ್ನು ಆನ್ ಮಾಡಿಡಿ. ಕರೆಂಟ್ ಬಂದ ಕೂಡಲೇ ಯಂತ್ರ ತಾನೇ ಏಳುತ್ತದೆ.

ಟೈಮ್ ಹಾಕಿದ್ದೆ, ಆದ್ರೂ ಬೇರೇನೋ ರೆಕಾರ್ಡ್ ಆಗಿದೆ. ಯಾಕೆ?

ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯಕ್ಕಿಂತ ಚೂರು ಚಿಕ್ಕದೊಂದು ಬೆಳ್ಳಿ ಬಿಲ್ಲೆ ಇರುತ್ತದೆ. ಸಿಆರ್2032, 3 ವೋಲ್ಟ್. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಅದೇ. ಹಳೇ ಯಂತ್ರದಲ್ಲಿ ಅದು ಸತ್ತೇ ಇರುತ್ತದೆ.

ನನ್ನತ್ತೆಯ ಭಜನಾ ಮಂಡಳಿ ಮೊದಲ ಬಾರಿ ಟೀವಿಯಲ್ಲಿ ಬರುವುದಿತ್ತು. ಹಿಂದಿನ ರಾತ್ರಿಯೇ ಎಲ್ಲ ಸಜ್ಜು ಮಾಡಿ ಮಲಗಿದ್ದೆ. ಬೆಳಗಿನ ಜಾವ ಕರೆಂಟ್ ಹೋಗಿ ಬಂತು, ಗಡಿಯಾರ ಹಿಂದಕ್ಕೆ ಜಾರಿತು, ಇಂಟರ್ನೆಟ್ ಬರುವ ಮುಂಚೆಯೇ ವೇಳಾಪಟ್ಟಿ ಶುರುವಾಯಿತು. ಅತ್ತೆ ಊರಿಂದ ಬಂದು ಸೋಫಾದಲ್ಲಿ ಕೂತು "ಹಾಕು" ಎಂದಾಗ ಬಂದದ್ದು ಕೃಷಿ ಕಾರ್ಯಕ್ರಮ. ಅವರು ಒಂದು ಮಾತೂ ಆಡಲಿಲ್ಲ. ಕೆಲವೇ ರೂಪಾಯಿಯ ಬಿಲ್ಲೆ ಅದು. ಇವತ್ತೇ ಬದಲಿಸಿ, ಪ್ರತಿ ರೆಕಾರ್ಡಿಂಗ್‌ಗೆ ಮುಂಚೆ ಐದು, ಆಮೇಲೆ ಹತ್ತು ನಿಮಿಷ ಹೆಚ್ಚು ಇಡಿ.

## ಸ್ವಲ್ಪ ಪಳಗಿದವರಿಗೆ

ಯಾವ ಸಾಫ್ಟ್‌ವೇರ್ ಹಾಕ್ಲಿ?

ಲಿನಕ್ಸ್ ಆದರೆ ರೆಕಾರ್ಡ್ ಮಾಡಲು ಟೀವಿಹೆಡ್‌ಎಂಡ್, ನೋಡಲು ಕೋಡಿ. ವಿಂಡೋಸ್ ಬಿಡಲಾಗದವರು ನೆಕ್ಸ್ಟ್‌ಪಿವಿಆರ್ ಹಾಕಿ. ಮೈಕ್ರೋಸಾಫ್ಟ್‌ನ ಮೀಡಿಯಾ ಸೆಂಟರ್ ವಿಂಡೋಸ್ 10ರಲ್ಲೇ ಹೋಯಿತು, ಅದನ್ನು ಹುಡುಕಬೇಡಿ.

ಒಂದೇ ಟ್ಯೂನರ್‌ನಲ್ಲಿ ಎರಡು ಚಾನೆಲ್ ರೆಕಾರ್ಡ್ ಆಗಲ್ಲ ಅಲ್ವಾ?

ಆಗುತ್ತದೆ, ಎರಡೂ ಒಂದೇ ಟ್ರಾನ್ಸ್‌ಪಾಂಡರ್‌ನಲ್ಲಿದ್ದರೆ. ಒಂದು ಟ್ರಾನ್ಸ್‌ಪಾಂಡರ್ ಎಂದರೆ ಹತ್ತಾರು ಪ್ರಯಾಣಿಕರ ಒಂದು ಬಸ್ಸು. ಟ್ಯೂನರ್ ಬಸ್ಸನ್ನೇ ಹಿಡಿಯುತ್ತದೆ. ಯಾರನ್ನು ಇಳಿಸಿಕೊಳ್ಳಬೇಕು ಎಂಬುದು ಸಾಫ್ಟ್‌ವೇರ್‌ಗೆ ಬಿಟ್ಟದ್ದು. ಟೀವಿಹೆಡ್‌ಎಂಡ್ ಒಂದೇ ಬಸ್ಸಿನ ನಾಲ್ಕು ಚಾನೆಲ್‌ಗಳನ್ನೂ ಏಕಕಾಲಕ್ಕೆ ಬರೆದಿಡುತ್ತದೆ. ಬೇರೆ ಬೇರೆ ಬಸ್ಸಿನಲ್ಲಿದ್ದರೆ ಎರಡನೇ ಟ್ಯೂನರ್ ಬೇಕು. ಆಗ ಡಿಶ್‌ನಲ್ಲೂ ಎರಡು ಬಾಯಿಯ ಟ್ವಿನ್ ಎಲ್‌ಎನ್‌ಬಿ ಹಾಕಿಸಿ, ಎರಡು ಕೇಬಲ್ ಎಳೆಸಿ. ಮಾಮೂಲಿ ಸ್ಪ್ಲಿಟರ್ ಹಾಕಿದರೆ ಒಂದು ಟ್ಯೂನರ್ 13 ವೋಲ್ಟ್ ಕೇಳುವಾಗ ಇನ್ನೊಂದು 18 ಕೇಳಿ ಜಗಳವಾಗುತ್ತದೆ. ಮನೆಯ ಸೆಟ್‌ಟಾಪ್ ಬಾಕ್ಸ್‌ಗೂ ಅದೇ ಡಿಶ್ ಬೇಕೆಂದರೂ ಉತ್ತರ ಇದೇ.

ರೆಕಾರ್ಡ್ ಚೆನ್ನಾಗಾಗಿದೆ, ಪ್ಲೇ ಮಾಡಿದ್ರೆ ಓಡಾಡೋವಾಗ ಬಾಚಣಿಗೆ ಹಲ್ಲಿನ ಥರ ಗೆರೆ ಬರುತ್ತೆ.

ಕಾರ್ಡ್ ಕೆಟ್ಟಿಲ್ಲ. ನಮ್ಮ ಸಾಧಾರಣ ಚಾನೆಲ್‌ಗಳ ಚಿತ್ರ ಇಂಟರ್‌ಲೇಸ್ಡ್: ಸೆಕೆಂಡಿಗೆ 50 ಅರ್ಧ ಚಿತ್ರಗಳು, ಒಮ್ಮೆ ಬೆಸ ಗೆರೆ, ಒಮ್ಮೆ ಸಮ ಗೆರೆ. ಹಳೇ ಟೀವಿ ಅದಕ್ಕೆಂದೇ ಇತ್ತು. ಈಗಿನ ಪರದೆಯಲ್ಲಿ ಎರಡನ್ನೂ ಹೆಣೆದು ಕೊಡಬೇಕು. ಪ್ಲೇಯರ್‌ನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ. ಹಳೇ ಪ್ರೊಸೆಸರ್ ಅದಕ್ಕೆ ಏದುಸಿರು ಬಿಟ್ಟರೆ ಆ ಕೆಲಸ ಗ್ರಾಫಿಕ್ಸ್ ಚಿಪ್ಪಿಗೆ ಹೋಗುವಂತೆ ಸೆಟ್ಟಿಂಗ್ ಬದಲಿಸಿ. ಕೋರ್ 2 ಕಾಲದ ಯಂತ್ರವಾದರೆ 2008ರ ಆಸುಪಾಸಿನ ಎನ್‌ವಿಡಿಯಾ ಕಾರ್ಡ್ ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಕ್ಕರೂ ಸಾಕು, ಫ್ಯಾನ್ ಇಲ್ಲದ್ದನ್ನೇ ಆರಿಸಿ.

ಜಾಗ ಉಳಿಸೋಕೆ ಎಲ್ಲಾನೂ ಎಚ್‌ಇವಿಸಿಗೆ ಬದಲಾಯಿಸ್ಲಾ?

ನಾನು ಮಾಡುವುದಿಲ್ಲ. ಎಚ್‌ಇವಿಸಿ ಎಂಬುದು ಚಿತ್ರದ ಬುತ್ತಿಯನ್ನು ಇನ್ನೂ ಚಿಕ್ಕದಾಗಿ ಕಟ್ಟುವ ಹೊಸ ವಿಧಾನ, ನಿಜ. ಒಮ್ಮೆ ಬಿಚ್ಚಿ ಮತ್ತೆ ಕಟ್ಟಿದರೆ ಒಂದಷ್ಟು ಕಳೆದೇ ಹೋಗುತ್ತದೆ, ಅದೂ ಈಗಾಗಲೇ ತೆಳುವಾಗಿರುವ ಚಿತ್ರದಲ್ಲಿ. ಎಚ್‌ಇವಿಸಿ ಸಲೀಸಾಗಿ ಓಡಿಸುವ ಚಿಪ್ ಇಂಟೆಲ್‌ನಲ್ಲಿ 2015ರ ಆರನೇ ತಲೆಮಾರಿನಿಂದ ಈಚೆಗಷ್ಟೇ ಇರುವುದರಿಂದ, ನಿಮ್ಮ ಹಳೇ ಯಂತ್ರದಲ್ಲಿ ಬದಲಾಯಿಸಲೂ ಇಡೀ ರಾತ್ರಿ, ನೋಡಲೂ ಒದ್ದಾಟ. ಜಾಹೀರಾತು ಕತ್ತರಿಸಿ, ಬೇಡದ್ದನ್ನು ಅಳಿಸಿ, ಬೇಕಾದ್ದನ್ನು ಬಂದ ಹಾಗೇ ಇನ್ನೊಂದು ಡಿಸ್ಕ್‌ಗೂ ನಕಲು ಮಾಡಿಡಿ. ಅತ್ತೆಯ ಮಂಡಳಿಯ ಕಾರ್ಯಕ್ರಮ ಮರುಪ್ರಸಾರವಾದಾಗ ಹಿಡಿದದ್ದು 28 ನಿಮಿಷ. ಅದರ ಒಂದು ಪ್ರತಿ ನಮ್ಮಲ್ಲಿ, ಒಂದು ಅವರ ಬೀರುವಿನಲ್ಲಿ, ರೇಷ್ಮೆ ಸೀರೆಗಳ ನಡುವೆ ಇದೆ.